ಕ್ಯಾನ್ಸರ್ ರೋಗಿಗಳನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಲು ಏನೇನು ಗೊತ್ತಿರಬೇಕು?

ಅಮೆರಿಕಕ್ಕೆ ಬಂದು ನೆಲೆಸಿದ್ದೀರಿ, ವಾರದ ದಿನಗಳಲ್ಲಿ ಬಿಡುವಿದೆ, ಈ ಸೇವೆ ಮಾಡುವ ಆಸೆ, ಆದರೆ ಕಾಯಿಲೆ ಬಗ್ಗೆ ಏನೂ ಗೊತ್ತಿಲ್ಲ ಅಂತ ಬರೆದಿದ್ದೀರಿ. ಖಂಡಿತ ಮುಂದೆ ಬನ್ನಿ. ವಾರದ ದಿನ ಸಿಗುವವರೇ ಕಡಿಮೆ.

ನಾನು ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ‘ರೋಡ್ ಟು ರಿಕವರಿ’ ಅನ್ನುವ, ರೋಗಿಗಳನ್ನು ಚಿಕಿತ್ಸೆಗೆ ಉಚಿತವಾಗಿ ಕರೆದೊಯ್ಯುವ ಸೇವೆಯಲ್ಲಿ ಕಾರು ಓಡಿಸುತ್ತೇನೆ. ಲೈಸೆನ್ಸ್, ಇನ್ಶೂರೆನ್ಸ್, ಚೆನ್ನಾಗಿರುವ ಕಾರು ಇರಬೇಕು. ನಿಮ್ಮ ಹಿನ್ನೆಲೆ ವಿಚಾರಿಸುತ್ತಾರೆ, ತರಬೇತಿ ಕೊಡುತ್ತಾರೆ. ಗ್ಯಾಸ್ (ಪೆಟ್ರೋಲ್) ಖರ್ಚು ನಮ್ಮದೇ. ತೆರಿಗೆಯಲ್ಲಿ ಡಿಡಕ್ಷನ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವವರು ತೆರಿಗೆ ಕಟ್ಟಬೇಕಾದ ಆದಾಯದಿಂದ ಮೈಲಿಗೆ 14 ಸೆಂಟ್‌ನಂತೆ ಕಳೆಯಬಹುದು.

ರೇಡಿಯೇಷನ್ ಅಂದರೆ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ದಿನಾ, ಅದೂ ಹಲವು ವಾರ. ಚಿಕಿತ್ಸೆ ಕೆಲವೇ ನಿಮಿಷ, ಹೋಗಿಬರುವುದೇ ದೊಡ್ಡ ಕೆಲಸ. ಮಗನೋ ಮಗಳೋ ಎಷ್ಟು ದಿನ ರಜೆ ಹಾಕಿಯಾರು? ಎಷ್ಟೋ ಸಬರ್ಬ್‌ಗಳಲ್ಲಿ ಬಸ್ಸೇ ಇಲ್ಲ. ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಇದ್ದವರಿಗೆ ವಾಹನದ ವ್ಯವಸ್ಥೆ ಇದೆ. ಬರೀ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ವಿಮೆ) ಇರುವ ಹಿರಿಯರಿಗೆ ಈ ದಿನನಿತ್ಯದ ಓಡಾಟಕ್ಕೆ ಅದು ಸಿಗುವುದಿಲ್ಲ. ನನ್ನ ಕಾರು ಹತ್ತುವವರಲ್ಲಿ ಅವರೇ ಜಾಸ್ತಿ.

ವಾಸನೆ ವಿಷಯದಲ್ಲಿ ತುಂಬಾ ಜಾಗ್ರತೆ ಬೇಕು. ಕೀಮೋ ನಡೆಯುತ್ತಿರುವಾಗ ಸಣ್ಣ ವಾಸನೆಗೂ ಹೊಟ್ಟೆ ತೊಳೆಸಬಹುದು. ಏರ್ ಫ್ರೆಶ್‌ನರ್, ಊದಿನಕಡ್ಡಿ, ಸೆಂಟು, ಒಗ್ಗರಣೆ ಘಮ್ಮೆನ್ನುವ ಊಟದ ಡಬ್ಬಿ, ಯಾವುದೂ ಕಾರಿನಲ್ಲಿ ಬೇಡ. ಕರುಳಿನ ಕ್ಯಾನ್ಸರ್‌ಗೆ ಕೊಡುವ ಆಕ್ಸಾಲಿಪ್ಲಾಟಿನ್ ಅನ್ನುವ ಔಷಧಿಯಿಂದ ತಣ್ಣಗಿನದು ಮುಟ್ಟಿದರೂ ಬೆರಳು ಚುಚ್ಚಿದಂತಾಗುತ್ತದೆ. ಚಳಿಗಾಲದಲ್ಲಿ ಕಾರನ್ನು ಮೊದಲೇ ಬೆಚ್ಚಗೆ ಮಾಡಿಟ್ಟುಕೊಳ್ಳಿ, ಬಾಗಿಲು ನೀವೇ ತೆಗೆಯಿರಿ. ಎದೆಯಲ್ಲಿ ಕೀಮೋ ಪೋರ್ಟ್ (ಔಷಧಿ ಕೊಡಲು ಚರ್ಮದಡಿ ಇಟ್ಟಿರುವ ಸಣ್ಣ ಸಾಧನ) ಇದ್ದರೆ ಸೀಟ್ ಬೆಲ್ಟ್ ಒತ್ತುತ್ತದೆ, ಒಂದು ಮೆತ್ತನೆ ಟವೆಲ್ ಇರಲಿ. ನಿಮಗೆ ನೆಗಡಿಯಾದರೆ ಹೋಗಲೇಬೇಡಿ, ಬೇರೆಯವರನ್ನು ಹುಡುಕಲು ಸಮಯ ಸಿಗುವಂತೆ ಬೇಗ ತಿಳಿಸಿ. ರೋಗಿಗಳ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ.

ಮಾತು ಅವರಿಗೇ ಬಿಡಿ. ‘ಯಾವ ಸ್ಟೇಜು?’ ಅಂತ ಕೇಳಬೇಡಿ. ನಾವು ಕಾಳಜಿಯಿಂದಲೇ ಕೇಳುತ್ತೇವೆ, ಜೊತೆಗೆ ಒಂದು ಮನೆಮದ್ದನ್ನೂ ಹೇಳಿಬಿಡುತ್ತೇವೆ, ಅಲ್ವಾ? ದಿನವಿಡೀ ಕಾಯಿಲೆಯ ಮಾತೇ ಕೇಳುವವರಿಗೆ ಅದು ಭಾರ. ಮೊಮ್ಮಕ್ಕಳ ಬಗ್ಗೆಯೋ ಹಿತ್ತಲಿನ ಟೊಮೆಟೊ ಬಗ್ಗೆಯೋ ಅವರೇ ಶುರು ಮಾಡಿದರೆ ಖುಷಿಯಿಂದ ಕೇಳಿ. ಕಣ್ಣು ಮುಚ್ಚಿ ಒರಗಿದರೆ ಸುಮ್ನೆ ಓಡಿಸಿ.

ಮೊದಲು ವಾರಕ್ಕೆ ಒಂದೇ ದಿನ ಒಪ್ಪಿಕೊಳ್ಳಿ, ಅದನ್ನು ತಪ್ಪಿಸಬೇಡಿ. ಕೀಮೋ ದಿನವಾದರೆ ವಾಪಸ್ ಬರುವ ಹೊತ್ತು ಹೇಳಲಾಗದು. ರಕ್ತ ಪರೀಕ್ಷೆಯ ವರದಿ ನೋಡಿ ಶುರು ಮಾಡುವುದೇ ಎಷ್ಟೋ ಸಲ ತಡವಾಗುತ್ತದೆ. ಹಾಗಾಗಿ ಆ ಮಧ್ಯಾಹ್ನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.