ಪ್ರತಿಕ್ರಿಯೆ: ಡಿಸೆಂಬರ್‌ನಲ್ಲಿ ಅರ್ಬಿಯೋ, ಕೂಡ್ಲು ತೀರ್ಥವೋ?

ಮಂಡಿನೋವಿನ ತಾಯಿಯೊಂದಿಗೆ ಡಿಸೆಂಬರ್‌ನಲ್ಲಿ ಮಣಿಪಾಲದ ಅರ್ಬಿ ಜಲಪಾತಕ್ಕೆ ಹೋಗಲೇ, ಕೂಡ್ಲು ತೀರ್ಥಕ್ಕೆ ಹೋಗಲೇ ಎಂದು ಕೇಳಿದ್ದೀರಿ. ಅರ್ಬಿಯನ್ನು ಬಿಡಿ, ಅದು ಮಳೆಗಾಲದ ನೆಂಟ. ಡಿಸೆಂಬರ್‌ನಲ್ಲಿ ಬರೀ ಬಂಡೆ ನೋಡಿ ಬರುತ್ತೀರಿ. ಹೆಬ್ರಿಯಾಚೆಯ ಕೂಡ್ಲುವಿನಲ್ಲಿ ಸೀತಾನದಿ ಡಿಸೆಂಬರ್‌ನಲ್ಲೂ ಧುಮುಕುತ್ತಿರುತ್ತದೆ. ಕೆಳಗಿನ ಗುಂಡಿಯ ನೀರಿಗೆ ಪಾದ ಇಟ್ಟರೆ ಹಲ್ಲು ಕಟಕಟ ಎನ್ನುತ್ತದೆ. ಆದರೆ ಕಾಡುದಾರಿಯಲ್ಲಿ ನಡೆದು, ಕೊನೆಗೆ ಬಂಡೆಗಳ ಮೇಲೆ ಕಾಲಿಡಬೇಕು. ತಾಯಿಯವರಿಗೆ ಬೇಡವೇ ಬೇಡ.

ಅವರಿಗೆ ಜೋಗವೇ ಸರಿ, ಅದೂ ಆಗಸ್ಟ್‌ನಲ್ಲಿ. ವಾಹನದಿಂದಿಳಿದು ನಾಲ್ಕು ಹೆಜ್ಜೆ ಹಾಕಿದರೆ 253 ಮೀಟರ್ ಎತ್ತರದ ಜಲಪಾತ ಎದುರಿಗೇ! ಆದರೆ ಶರಾವತಿಯ ನೀರಿನ ಕೀಲಿಕೈ ಇರುವುದು ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ. ಗೇಟು ತೆರೆದ ಸುದ್ದಿ ಪತ್ರಿಕೆಯಲ್ಲಿ ಬಂದ ಮರುದಿನವೇ ಹೊರಡಿ. ಕೊಡೆಗಿಂತ ರೇನ್‌ಕೋಟ್ ವಾಸಿ, ಗಾಳಿ ಜೋರಿರುತ್ತದೆ.