ಮುಂಬೈನಲ್ಲಿ 1875ರಿಂದಲೇ ಬಿಎಸ್‌ಇ (ಬಾಂಬೆ ಷೇರು ವಿನಿಮಯ ಕೇಂದ್ರ) ಇದ್ದಾಗ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಏಕೆ ಬೇಕಾಯಿತು? ಅದು ಅಷ್ಟು ಬೇಗ ಮುಂದೆ ಹೋದದ್ದು ಹೇಗೆ?

ಹಳೆಯ ಪೇಟೆ ದಲ್ಲಾಳಿಗಳ ಹಿಡಿತದಲ್ಲಿತ್ತು. ಹೊರಗಿನವರಿಗೆ ನಿಜವಾದ ಬೆಲೆ ತಿಳಿಯುತ್ತಿರಲಿಲ್ಲ. ಎನ್‌ಎಸ್‌ಇ ಗೆದ್ದದ್ದು ಆ ಬೆಲೆಯನ್ನು ಎಲ್ಲರ ಕಣ್ಣೆದುರು ಇಟ್ಟು.

ಆಗ ಮುಂಬೈನ ದಲಾಲ್ ಸ್ಟ್ರೀಟ್‌ನಲ್ಲಿರುವ ಬಿಎಸ್‌ಇ ಸಭಾಂಗಣದಲ್ಲಿ ದಲ್ಲಾಳಿಗಳು ಕೂಗಿ, ಕೈಸನ್ನೆ ಮಾಡಿ ವ್ಯಾಪಾರ ಕುದುರಿಸುತ್ತಿದ್ದರು. ಷೇರು ಎಷ್ಟಕ್ಕೆ ಸಿಕ್ಕಿತು ಎಂಬುದಕ್ಕೆ ಗ್ರಾಹಕ ದಲ್ಲಾಳಿಯ ಮಾತನ್ನೇ ನಂಬಬೇಕಿತ್ತು. 1992ರಲ್ಲಿ ಬಯಲಾದ ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣ ಸುಧಾರಣೆಯ ಒತ್ತಡವನ್ನು ಹೆಚ್ಚಿಸಿತು. ಅದೇ ವರ್ಷ ಐಡಿಬಿಐ, ಎಲ್‌ಐಸಿಯಂಥ ಹಣಕಾಸು ಸಂಸ್ಥೆಗಳ ಒಡೆತನದಲ್ಲಿ ಎನ್‌ಎಸ್‌ಇ ಸ್ಥಾಪನೆಯಾಯಿತು. ದಲ್ಲಾಳಿಗಳು ಇಲ್ಲಿ ಸದಸ್ಯರಷ್ಟೇ ಆಗಿದ್ದರು, ಮಾಲೀಕರಲ್ಲ. ನನ್ನ ದೃಷ್ಟಿಯಲ್ಲಿ ತಂತ್ರಜ್ಞಾನಕ್ಕಿಂತ ದೊಡ್ಡ ಬದಲಾವಣೆ ಇದೇ.

1994ರ ನವೆಂಬರ್‌ನಲ್ಲಿ ಷೇರು ವಹಿವಾಟು ಶುರುವಾದಾಗ ಸಭಾಂಗಣವೇ ಇರಲಿಲ್ಲ. ಬೇರೆ ಬೇರೆ ಊರುಗಳ ಕಂಪ್ಯೂಟರ್‌ಗಳು ಉಪಗ್ರಹದ ಮೂಲಕ ಒಂದೇ ಯಂತ್ರಕ್ಕೆ ಜೋಡಣೆಯಾಗಿದ್ದವು. ಉತ್ತಮ ಬೆಲೆ ಕೊಟ್ಟವರಿಗೆ ಮೊದಲ ಆದ್ಯತೆ. ಬೆಲೆ ಸಮವಾದರೆ ಮೊದಲು ಬಂದವರಿಗೆ. ಎದುರಿನ ವ್ಯಾಪಾರಿ ಯಾರೆಂಬುದು ಯಾರಿಗೂ ಕಾಣದು.

ಕೊಳ್ಳುವವರು ಹೆಚ್ಚಾದಲ್ಲಿಗೆ ಮಾರುವವರೂ ಬರುತ್ತಾರೆ. ಸುಮಾರು ಒಂದೇ ವರ್ಷದಲ್ಲಿ ಎನ್‌ಎಸ್‌ಇ ವಹಿವಾಟು ಬಿಎಸ್‌ಇಯನ್ನು ಮೀರಿಸಿತು. ಅಷ್ಟರಲ್ಲಿ, 1995ರಲ್ಲೇ, ಬಿಎಸ್‌ಇ ಕೂಡ ಕೂಗಾಟ ಬಿಟ್ಟು ಕಂಪ್ಯೂಟರ್ ಪರದೆಗೆ ಬಂದಿತ್ತು.