ಬೇಡದ್ದನ್ನು ಬಿಡುವಾಗ ಬೇಕಾದ್ದೂ ಹೋದೀತು!

ಪ್ರಶ್ನೆ: ನಮ್ಮದು ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಛಾಪಿಸುವ ಸಣ್ಣ ಪ್ರೆಸ್. ದಿನಾ ಸಂಜೆ ‘ಕೆಲಸ’ ಫೋಲ್ಡರನ್ನು ಫ್ರೀಫೈಲ್‌ಸಿಂಕ್ ಎಂಬ ನಕಲು ತಂತ್ರಾಂಶದಲ್ಲಿ ‘ಮಿರರ್’ (ಮೂಲದಲ್ಲಿಲ್ಲದ್ದನ್ನು ಅಳಿಸಿ ತದ್ರೂಪು ಮಾಡುವ) ಆಯ್ಕೆ ಇಟ್ಟು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕುತ್ತೇನೆ. ಕೋರೆಲ್‌ಡ್ರಾ ಮಾಡಿಡುವ ಬ್ಯಾಕಪ್ ಪ್ರತಿಗಳು, ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸುವ ವಿಡಿಯೋಗಳು ಎಲ್ಲ ಹೋಗಿ ಡಿಸ್ಕ್ ತುಂಬಿದೆ. ಇವನ್ನಷ್ಟೇ ಬಿಡಿಸುವುದು ಹೇಗೆ?
– ಪ್ರೆಸ್ ಮಾಲೀಕ, ಗದಗ

ಉತ್ತರ: ಮುದ್ರಣ ಕಾಶಿಯಿಂದಲೇ ಪ್ರಶ್ನೆ ಬಂದಿದೆ, ಸಂತೋಷ. ತಂತ್ರಾಂಶದ ಮೇಲ್ಭಾಗದಲ್ಲಿ ಲಾಳಿಕೆಯ ಚಿತ್ರವಿದೆ ನೋಡಿ, ಅದೇ ಫಿಲ್ಟರ್. ಒತ್ತಿದರೆ ‘ಇನ್‌ಕ್ಲೂಡ್’, ‘ಎಕ್ಸ್‌ಕ್ಲೂಡ್’ ಎಂಬ ಎರಡು ಚೌಕ. ಮೊದಲನೆಯದರಲ್ಲಿರುವ ನಕ್ಷತ್ರವನ್ನು ಮುಟ್ಟಬೇಡಿ. ‘ಎಲ್ಲವೂ’ ಎಂದು ಅದರ ಅರ್ಥ. ಎರಡನೆಯದರಲ್ಲಿ ಈಗಾಗಲೇ ಇರುವ ಸಾಲುಗಳ ಕೆಳಗೆ *\ಬ್ಯಾಕಪ್_ಆಫ್_* ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ. ಯಾವ ಒಳಫೋಲ್ಡರಿನಲ್ಲಿದ್ದರೂ ಆ ಹೆಸರಿನಿಂದ ಶುರುವಾಗುವ ಕೋರೆಲ್ ಪ್ರತಿಗಳು ಹೊರಗುಳಿಯುತ್ತವೆ.

ಆ ‘ಆಫ್’ ಬಿಡಬೇಡಿ. ನಾನೊಮ್ಮೆ ಸೋಮಾರಿತನದಿಂದ ಎರಡೂ ಕಡೆ ನಕ್ಷತ್ರವಿಟ್ಟು ನಡುವೆ ಬರೀ ‘ಬ್ಯಾಕಪ್’ ಎಂದು ಬರೆದಿದ್ದೆ. ಇದೇ ಅಂಕಣದ ಹಳೆಯ ಬರಹಗಳಿದ್ದ ‘ಅಂಕಣ ಬ್ಯಾಕಪ್’ ಫೋಲ್ಡರ್ ಇಡಿಯಾಗಿ ಹೊರಗುಳಿಯಿತು. ಲ್ಯಾಪ್‌ಟಾಪ್ ಕೆಟ್ಟ ದಿನ ಅದು ಗೊತ್ತಾಯಿತು. ನನ್ನಾಕೆ ಇವತ್ತಿಗೂ ನಗುತ್ತಾಳೆ.

ವಿಡಿಯೋಗಳಿಗೆ *.ಎಂಪಿ4 ಎಂದು ಬರೆದರೆ ಸಾಕು, ಆದರೆ ನಾನು ಬೇಡವೆನ್ನುತ್ತೇನೆ. ಈಗ ವಿಡಿಯೋ ಲಗ್ನಪತ್ರಿಕೆಗೂ ಗಿರಾಕಿಗಳಿದ್ದಾರೆ. ನೀವು ದುಡಿದು ಮಾಡಿದ್ದೂ ಎಂಪಿ4 ಆಗಿದ್ದರೆ? ಗಿರಾಕಿಗಳದ್ದನ್ನೆಲ್ಲ ‘ಗಿರಾಕಿ’ ಎಂಬ ಒಂದೇ ಫೋಲ್ಡರಿಗೆ ಹಾಕಿ, \ಗಿರಾಕಿ\ ಎಂದು ಆ ಫೋಲ್ಡರನ್ನೇ ಹೊರಗಿಡಿ. ‘ಕಂಪೇರ್’ ಒತ್ತಿ, ಏನು ಹೋಗುತ್ತದೆ, ಏನು ಅಳಿಯುತ್ತದೆ ಎಂಬ ಪಟ್ಟಿ ಓದಿದ ಮೇಲೇ ‘ಸಿಂಕ್ರೊನೈಸ್’ ಒತ್ತಿ.

ಡಿಸ್ಕ್ ಮಾತ್ರ ತಕ್ಷಣ ಖಾಲಿಯಾಗುವುದಿಲ್ಲ. ಫಿಲ್ಟರ್ ಎರಡೂ ಕಡೆಗೆ ಅನ್ವಯಿಸುತ್ತದೆ; ಹೊರಗಿಟ್ಟದ್ದನ್ನು ಮಿರರ್ ಕೂಡ ಮುಟ್ಟದು. ಈಗಾಗಲೇ ಅಲ್ಲಿಗೆ ಹೋದ ಕೋರೆಲ್ ಪ್ರತಿಗಳನ್ನು ನೀವೇ ಕೈಯಾರೆ ಅಳಿಸಬೇಕು.

ನೀವು ಕೇಳದ ಒಂದು ಮಾತು: ನುಡಿ ಫಾಂಟುಗಳು ‘ಕೆಲಸ’ ಫೋಲ್ಡರಿನಲ್ಲಿಲ್ಲ, ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿವೆ. ನಾಳೆ ಆ ಫಾಂಟುಗಳಿಲ್ಲದ ಬೇರೆ ಕಂಪ್ಯೂಟರಿನಲ್ಲಿ ಹಳೆಯ ಪೇಜ್‌ಮೇಕರ್ ಕಡತ ತೆರೆದರೆ ವರನ ಹೆಸರಿದ್ದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡೀತು. ಅವನ್ನೂ ಇವತ್ತೇ ಡಿಸ್ಕಿಗೆ ಹಾಕಿಕೊಳ್ಳಿ.